ಪವಿತ್ರ ಹಸುಳೆಗಳ ಹಬ್ಬ: ಸಾಂತ್ವನ ಬೇಡವೆಂದ ತಾಯಂದಿರು



ಕ್ರಿಸ್ತಜಯಂತಿ ಮುಗಿದು ಮೂರೇ ದಿನಗಳಾಗಿವೆ. ಗೋದಲಿಯ ಸುತ್ತ ಬೆಳೆಸಿದ ರಾಗಿ ಪೈರು ಇನ್ನೂ ಹಸಿರಾಗಿಯೇ ಇದೆ. ಮನೆಗಳಲ್ಲಿ ಕಜ್ಜಾಯ, ಕರ್ಜಿಕಾಯಿಯ ಡಬ್ಬಿಗಳು ಬರಿದಾಗಿಲ್ಲ. ಆದರೆ ಇಂದು, ಡಿಸೆಂಬರ್ 28ರಂದು, ಪೂಜಾವಸ್ತ್ರ ಬಿಳಿಯಲ್ಲ, ಕೆಂಪು. ದನಗಾಹಿಗಳ ಸಂತೋಷ, ದೂತರ ಗಾನ ಕಿವಿಯಲ್ಲಿ ಇನ್ನೂ ಇರುವಾಗಲೇ ಮಾತೆ ಧರ್ಮಸಭೆ ನಮ್ಮನ್ನು ಬೆತ್ಲೆಹೇಮಿನ ಬೀದಿಗಳಿಗೆ ಕರೆದೊಯ್ದು, ಅಲ್ಲಿ ಅಳುತ್ತಿರುವ ತಾಯಂದಿರ ಮುಂದೆ ನಿಲ್ಲಿಸುತ್ತದೆ.

ಶುಭಸಂದೇಶವನ್ನು ಈಗತಾನೇ ಕೇಳಿದಿರಿ. ಮೂಡಣ ದೇಶದ ಜ್ಞಾನಿಗಳು ಬೇರೆ ದಾರಿ ಹಿಡಿದು ಹೊರಟುಹೋದರು. ತಾನು ಮೋಸಹೋದೆನೆಂದು ಹೆರೋದನು ಕೆರಳಿದನು. ಎರಡು ವರ್ಷದ ಒಳಗಿನ ಗಂಡುಮಕ್ಕಳನ್ನೆಲ್ಲ ಕೊಲ್ಲಿಸಿದನು. ಎಷ್ಟು ಮಕ್ಕಳೆಂದು ಸಂತ ಮತ್ತಾಯರು ಬರೆದಿಲ್ಲ. ಬೆತ್ಲೆಹೇಮ್ ಆಗ ಚಿಕ್ಕ ಊರು; ಇಪ್ಪತ್ತರ ಆಸುಪಾಸು ಇರಬಹುದೆಂದು ಬೈಬಲ್ ಪಂಡಿತರು ಅನೇಕರು ಊಹಿಸುತ್ತಾರೆ. ಇಪ್ಪತ್ತು ಮಕ್ಕಳೆಂದರೆ ಎಷ್ಟು? ನಮ್ಮ ಶಾಲೆಯ ಒಂದನೇ ತರಗತಿಯ ಒಂದು ಕೋಣೆಯಷ್ಟು.

ಆ ಲೆಕ್ಕ ಮನಸ್ಸಿಗೆ ಬಂದಾಗ ನಮಗೆ ನೆನಪಾಗುವುದು ಸ್ಕಾಟ್ಲೆಂಡಿನ ಡನ್‌ಬ್ಲೇನ್ ಎಂಬ ಪುಟ್ಟ ಪಟ್ಟಣ. 1996ರ ಮಾರ್ಚ್ 13, ಬುಧವಾರ. ಬೆಳಗಿನ ಪ್ರಾರ್ಥನೆ ಮುಗಿಸಿ ಅಲ್ಲಿನ ಪ್ರಾಥಮಿಕ ಶಾಲೆಯ ಒಂದನೇ ತರಗತಿಯ ಮಕ್ಕಳು ವ್ಯಾಯಾಮದ ಸಭಾಂಗಣಕ್ಕೆ ಬಂದಿದ್ದರು. ಐದಾರು ವರ್ಷದ ಕೂಸುಗಳು. ನಾಲ್ಕು ಕೈಬಂದೂಕುಗಳನ್ನು ಹಿಡಿದು ಒಬ್ಬನು ಒಳಹೊಕ್ಕನು. ನಾಲ್ಕು ನಿಮಿಷ ಕಳೆಯುವಷ್ಟರಲ್ಲಿ ಹದಿನಾರು ಮಕ್ಕಳೂ, ಅವರ ಶಿಕ್ಷಕಿ ಗ್ವೆನ್ ಮೇಯರ್ ಅವರೂ ಸತ್ತುಬಿದ್ದಿದ್ದರು. ಕೊನೆಗೆ ಅವನು ತನ್ನನ್ನೂ ಕೊಂದುಕೊಂಡನು. ಅವನ ಹೆಸರನ್ನು ನಾವು ಈ ಪೀಠದಿಂದ ಹೇಳುವುದಿಲ್ಲ. ಇಂಥವರ ಹೆಸರನ್ನು ಲೋಕ ಬೇಕಾದಷ್ಟು ಹೇಳುತ್ತದೆ. ವಿಂಬಲ್ಡನ್ ಗೆದ್ದ ಟೆನಿಸ್ ಆಟಗಾರ ಆಂಡಿ ಮರ್ರೆಯನ್ನು ನಮ್ಮ ಯುವಕರು ಬಲ್ಲರು. ಅಂದು ಎಂಟು ವರ್ಷದ ಆ ಹುಡುಗನೂ ಅದೇ ಶಾಲೆಯಲ್ಲಿದ್ದನು. ಅವನು ಬದುಕಿ ಉಳಿದನು.

ಮುಂದಿನ ಭಾನುವಾರ ಬ್ರಿಟನ್ನಿನಲ್ಲಿ ತಾಯಂದಿರ ದಿನ. ಮಕ್ಕಳು ಅಮ್ಮನಿಗೆ ಹೂ ಕೊಡುವ ದಿನ.

ರಾಹೇಲಳು ತನ್ನ ಮಕ್ಕಳಿಗಾಗಿ ಅಳುತ್ತಾಳೆ, ಯಾರು ಸಮಾಧಾನ ಹೇಳಿದರೂ ಒಲ್ಲೆನೆನ್ನುತ್ತಾಳೆ ಎಂಬ ಪ್ರವಾದಿ ಯೆರೆಮೀಯರ ಮಾತನ್ನು ಸಂತ ಮತ್ತಾಯರು ಇಂದಿನ ಶುಭಸಂದೇಶದಲ್ಲಿ ನೆನಪಿಸುತ್ತಾರೆ. ಸಾವಿನ ಮನೆಗೆ ಹೋದಾಗ ನಾವು ಸಾಮಾನ್ಯವಾಗಿ ಏನು ಹೇಳುತ್ತೇವೆ? "ದೇವರ ಚಿತ್ತ, ಸಮಾಧಾನ ಮಾಡಿಕೊಳ್ಳಮ್ಮಾ." ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತೇವೆ. ಆದರೆ ರಾಹೇಲಳು ಒಪ್ಪುವುದಿಲ್ಲ. ಆಕೆಗೆ ವಿಶ್ವಾಸ ಸಾಲದು ಎಂದು ಪವಿತ್ರ ಗ್ರಂಥ ಎಲ್ಲಿಯೂ ದೂರುವುದಿಲ್ಲ. ಯೆರೆಮೀಯರ ಗ್ರಂಥದಲ್ಲಿ ಆ ಮಾತಿನ ಮುಂದಿನ ಸಾಲುಗಳನ್ನು ಮನೆಗೆ ಹೋಗಿ ಓದಿನೋಡಿ. ದೇವರು ರಾಹೇಲಳಿಗೆ ಉತ್ತರ ಕೊಡುತ್ತಾರೆ: ಆಕೆಯ ಪ್ರಯಾಸಕ್ಕೆ ಪ್ರತಿಫಲ ಉಂಟು ಎನ್ನುತ್ತಾರೆ. ಅಳುತ್ತಾ ಕುಳಿತ ತಾಯಿ ಏನು ಪ್ರಯಾಸ ಪಟ್ಟಳು? ದೇವರ ಲೆಕ್ಕದಲ್ಲಿ ಆ ಕಣ್ಣೀರೂ ದುಡಿಮೆಯೇ ಇರಬೇಕು. ಸುಲಭವಾದ ಸಮಾಧಾನಕ್ಕೆ ಒಪ್ಪದಿರುವುದೂ ಒಂದು ಕೆಲಸವೇ.

ಡನ್‌ಬ್ಲೇನಿನಲ್ಲಿ ಆ ಕೆಲಸ ನಡೆಯಿತು. ದುರಂತದ ದಿನಗಳಲ್ಲಿ ಅಲ್ಲಿ ಅರಳಿದ್ದದ್ದು ಸ್ನೋಡ್ರಾಪ್ ಎಂಬ ಚಿಕ್ಕ ಬಿಳಿ ಹೂವು. ಆ ಭಾಗದ ಕೆಲವು ತಾಯಂದಿರು ಸೇರಿ ಆ ಹೂವಿನ ಹೆಸರಿನಲ್ಲೇ ಒಂದು ಮನವಿ ಪತ್ರ ಹೊರಡಿಸಿದರು: ಖಾಸಗಿ ಜನರ ಕೈಯಲ್ಲಿ ಕೈಬಂದೂಕು ಇರಕೂಡದು. ಏಳು ಲಕ್ಷಕ್ಕೂ ಹೆಚ್ಚು ಸಹಿಗಳು ಬಿದ್ದವು. ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳೂ ಎದ್ದು ನಿಂತು ಮಾತನಾಡಿದರು. ಗುರಿಯಾಟದ ಕ್ಲಬ್ಬುಗಳವರು ವಿರೋಧಿಸಿದರು. ಒಬ್ಬ ದುಷ್ಟನು ಮಾಡಿದ್ದಕ್ಕೆ ಸಾವಿರಾರು ಮಂದಿ ಸಭ್ಯರಿಗೆ ಶಿಕ್ಷೆಯೇ ಎಂದು ಕೇಳಿದರು. ಅದು ತೆಗೆದುಹಾಕುವ ಮಾತಲ್ಲ. ಆದರೂ 1997ರಲ್ಲಿ ಒಂದೇ ವರ್ಷ ಎರಡು ಕಾಯ್ದೆಗಳು ಬಂದವು. ಒಂದನ್ನು ಕನ್ಸರ್ವೇಟಿವ್ ಸರ್ಕಾರ ತಂದಿತು, ಉಳಿದದ್ದನ್ನು ಅದರ ಬಳಿಕ ಬಂದ ಲೇಬರ್ ಸರ್ಕಾರ ಪೂರ್ಣಗೊಳಿಸಿತು. ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್‌ಗಳಲ್ಲಿ ಖಾಸಗಿ ಕೈಬಂದೂಕು ಬಹುಮಟ್ಟಿಗೆ ಇಲ್ಲವಾಯಿತು. ಸುಮಾರು 1,62,000 ಕೈಬಂದೂಕುಗಳನ್ನು ಜನ ಪರಿಹಾರ ಪಡೆದು ಒಪ್ಪಿಸಿದರು. ಅಂದಿನಿಂದ ಇಂದಿನವರೆಗೆ ಬ್ರಿಟನ್ನಿನ ಯಾವ ಶಾಲೆಯಲ್ಲಿಯೂ ಡನ್‌ಬ್ಲೇನಿನಂಥ ಗುಂಡಿನ ಹತ್ಯಾಕಾಂಡ ನಡೆದಿಲ್ಲ.

ಪ್ರಿಯರೇ, ಈಗ ಹೆರೋದನ ಕಡೆಗೆ ಮತ್ತೊಮ್ಮೆ ನೋಡೋಣ. ಅವನು ಅರಸನು, ಕ್ರೂರಿ. ಆದರೂ ಅವನೊಬ್ಬನಿಂದಲೇ ಬೆತ್ಲೆಹೇಮಿನ ಮಕ್ಕಳನ್ನು ಕೊಲ್ಲಲು ಆಗುತ್ತಿರಲಿಲ್ಲ. ಅವನಿಗೆ ಸೈನಿಕರು ಬೇಕಿತ್ತು. ಒಬ್ಬೊಬ್ಬ ಸೈನಿಕನೂ ಕತ್ತಿ ಹಿಡಿದು ಒಂದೊಂದು ಮನೆಯ ಹೊಸ್ತಿಲು ದಾಟಬೇಕಿತ್ತು. ಆ ಹೊಸ್ತಿಲಲ್ಲಿ ನಿಂತು "ಇದು ಬೇಡ, ನನ್ನಿಂದಾಗದು" ಎನ್ನಲು ಪ್ರತಿಯೊಬ್ಬನಿಗೂ ಒಂದು ಕ್ಷಣವಿತ್ತು. ಯಾರೂ ಹೇಳಲಿಲ್ಲ, ಅಥವಾ ಹೇಳಿದವನ ಸುದ್ದಿ ನಮಗೆ ಬಂದಿಲ್ಲ. ಅದಕ್ಕೂ ಬಹಳ ಹಿಂದೆ ಈಜಿಪ್ಟಿನ ಫರೋಹನು ಇಂಥದೇ ಆಜ್ಞೆ ಕೊಟ್ಟಾಗ ಇಬ್ಬರು ಸೂಲಗಿತ್ತಿಯರು, ಶಿಪ್ರಾ ಮತ್ತು ಪೂಗಾ, ಅದನ್ನು ನಡೆಸಲಿಲ್ಲ. ವಿಮೋಚನಾಕಾಂಡ ಆ ಫರೋಹನ ಹೆಸರನ್ನೇ ಹೇಳುವುದಿಲ್ಲ, ಆದರೆ ಈ ಬಡ ಹೆಂಗಸರಿಬ್ಬರ ಹೆಸರನ್ನು ಜೋಪಾನವಾಗಿ ಬರೆದಿಟ್ಟಿದೆ! ಮಕ್ಕಳು ಉಳಿದದ್ದು ಆ ಇಬ್ಬರು ಬೇಡವೆಂದದ್ದರಿಂದ.

ಇಂದಿನ ಬಂದೂಕು ತಂದಿಟ್ಟಿರುವ ಅಪಾಯ ಇದೇ. ನಿಮಿಷಕ್ಕೆ ಹತ್ತಾರು ಗುಂಡು ಹಾರಿಸುವ ಯಂತ್ರ ಕೈಗೆ ಸಿಕ್ಕಿದರೆ ಹೆರೋದನಿಗೆ ಸೈನಿಕರು ಬೇಕಾಗಿಲ್ಲ. ಕೋಪಗೊಂಡ ಒಬ್ಬನೇ ಒಬ್ಬನು ಅರಸನೂ ಆಗುತ್ತಾನೆ, ಸೈನ್ಯವೂ ಆಗುತ್ತಾನೆ. ನಡುವೆ ನಿಂತು ಬೇಡವೆನ್ನುವವರು ಯಾರೂ ಉಳಿಯುವುದಿಲ್ಲ. ಆಯುಧದ ಕಾನೂನು ಏನು ಮಾಡುತ್ತದೆ? ಕೋಪಕ್ಕೂ ಗುಂಡಿಗೂ ನಡುವೆ ಮತ್ತೆ ನಾಲ್ಕಾರು ಮನುಷ್ಯರನ್ನು ನಿಲ್ಲಿಸುತ್ತದೆ. ಅರ್ಜಿ ನೋಡುವ ಅಧಿಕಾರಿ, ಮನೆಗೆ ಬಂದು ವಿಚಾರಿಸುವ ಪೊಲೀಸಿನವನು, ಇವನ ಮನಸ್ಥಿತಿ ಸರಿಯಿದೆಯೇ ಎಂದು ಹೇಳಬೇಕಾದ ವೈದ್ಯ, ಜಾಮೀನಿನಂತೆ ಸಹಿ ಹಾಕುವ ಪರಿಚಿತ, ಅಂಗಡಿಯವನು. ಇವರಲ್ಲಿ ಒಬ್ಬರಾದರೂ ಬೇಡವೆನ್ನಲಿ ಎಂದು.

ಆ "ಬೇಡ" ಎಂಬ ಮಾತಿಗೆ ಬೆಲೆಯೂ ಇರಬೇಕು. ಡನ್‌ಬ್ಲೇನಿನ ಕೊಲೆಗಾರನ ಕೈಯಲ್ಲಿದ್ದ ಬಂದೂಕುಗಳೆಲ್ಲ ಪರವಾನಗಿ ಪಡೆದವು. ಹುಡುಗರ ಕ್ಲಬ್ಬುಗಳನ್ನು ನಡೆಸುತ್ತಿದ್ದ ಅವನ ಮೇಲೆ ಹಲವು ವರ್ಷಗಳಿಂದ ಪೋಷಕರ ದೂರುಗಳಿದ್ದವು. ಅವನ ಪರವಾನಗಿಯನ್ನು ರದ್ದುಮಾಡಬೇಕೆಂದು 1991ರಲ್ಲೇ ಒಬ್ಬ ಪೊಲೀಸ್ ಅಧಿಕಾರಿ ಮೇಲಿನವರಿಗೆ ಬರೆದು ಕೊಟ್ಟಿದ್ದನು. ಒಬ್ಬನು ಬೇಡವೆಂದಿದ್ದನು, ಪ್ರಿಯರೇ. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಲಾರ್ಡ್ ಕಲೆನ್ ಅವರ ವಿಚಾರಣೆಯಲ್ಲಿ ಇದು ಹೊರಬಂದಾಗ ಆ ತಾಯಂದಿರ ಎದೆ ಎಷ್ಟು ಉರಿದಿರಬೇಕು! ಇಷ್ಟಾದ ಮೇಲೂ 2021ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಪ್ಲಿಮತ್ ಊರಿನಲ್ಲಿ ಒಬ್ಬನು ಐವರನ್ನು ಕೊಂದನು. ಸತ್ತವರಲ್ಲಿ ಮೂರು ವರ್ಷದ ಮಗುವೂ ಇತ್ತು. ಹೊಡೆದಾಟದ ಪ್ರಕರಣದಲ್ಲಿ ಪೊಲೀಸರು ಕಿತ್ತುಕೊಂಡಿದ್ದ ಅವನ ಕೋವಿಯನ್ನು ಕೆಲವೇ ವಾರಗಳ ಹಿಂದೆ ಅವನಿಗೇ ಹಿಂದಿರುಗಿಸಲಾಗಿತ್ತು. ಕಾಗದದ ಮೇಲೆ ಕಾನೂನು ಇದ್ದರೆ ಸಾಲದು. ಅದನ್ನು ಕಾಯುವ ಮನುಷ್ಯರು ನಿದ್ದೆ ಮಾಡಬಾರದು.

ಬೇಡವೆಂದವರು ಬೆಲೆ ತೆರಬೇಕಾಗುತ್ತದೆ. ಡನ್‌ಬ್ಲೇನಿನ ಘಟನೆಯಾಗಿ ಏಳು ವಾರ ತುಂಬುವ ಮೊದಲೇ, 1996ರ ಏಪ್ರಿಲ್ 28ರಂದು, ಆಸ್ಟ್ರೇಲಿಯಾದ ಪೋರ್ಟ್ ಆರ್ಥರ್ ಎಂಬ ಪ್ರವಾಸಿ ಸ್ಥಳದಲ್ಲಿ ಒಬ್ಬನು 35 ಮಂದಿಯನ್ನು ಕೊಂದನು. ಪ್ರಧಾನಿ ಜಾನ್ ಹೋವರ್ಡ್ ಅಧಿಕಾರಕ್ಕೆ ಬಂದು ಆಗ ಎರಡು ತಿಂಗಳೂ ಆಗಿರಲಿಲ್ಲ. ಹನ್ನೆರಡೇ ದಿನಗಳಲ್ಲಿ ಎಲ್ಲ ರಾಜ್ಯಗಳೂ ಒಂದೇ ಕಾನೂನಿಗೆ ಒಪ್ಪುವಂತೆ ಅವರು ಮಾಡಿದರು. ಸರಸರನೆ ಗುಂಡು ಹಾರಿಸುವ ರೈಫಲ್ಲು, ಕೋವಿಗಳಿಗೆ ನಿಷೇಧ, ಪ್ರತಿ ಬಂದೂಕಿನ ನೋಂದಣಿ, ಬಂದೂಕು ಏಕೆ ಬೇಕೆಂಬುದಕ್ಕೆ ಸರಿಯಾದ ಕಾರಣ. ಸುಮಾರು ಆರೂವರೆ ಲಕ್ಷ ಬಂದೂಕುಗಳನ್ನು ಸರ್ಕಾರ ಕೊಂಡು ಪುಡಿಮಾಡಿತು. ಆ ಹಣವೂ ಎಲ್ಲಿಂದಲೋ ಬಂದದ್ದಲ್ಲ. ಒಂದು ವರ್ಷದ ಮಟ್ಟಿಗೆ ಆರೋಗ್ಯ ತೆರಿಗೆಯನ್ನು ತುಸು ಏರಿಸಿ ನಾಡಿನ ಜನರಿಂದಲೇ ಸಂಗ್ರಹಿಸಿದರು.

ಇಲ್ಲಿ ನಾವು ಒಬ್ಬ ಕಥೋಲಿಕ ಶ್ರೀಸಾಮಾನ್ಯನನ್ನು ನೆನೆಯಬೇಕು. ಉಪಪ್ರಧಾನಿ ಟಿಮ್ ಫಿಷರ್. ಯೇಸುಸಭೆಯ ಗುರುಗಳ ಶಾಲೆಯಲ್ಲಿ ಓದಿದವರು, ಸ್ವತಃ ರೈತರು, ಹಳ್ಳಿಗರ ಪಕ್ಷದ ನಾಯಕರು. ಬಂದೂಕು ಇದ್ದದ್ದು ಹೆಚ್ಚಾಗಿ ಅವರ ಮತದಾರರ ಮನೆಗಳಲ್ಲೇ. ಸುಮ್ಮನಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಅವರು ಸಿಟ್ಟಿಗೆದ್ದ ಸ್ವಂತ ಜನರ ಸಭೆಗಳಿಗೇ ಹೋಗಿ, ಈ ಕಾನೂನು ಏಕೆ ಬೇಕೆಂದು ಹೇಳಿದರು. ಮುಂದಿನ ದಿನಗಳಲ್ಲಿ ಅವರ ಪಕ್ಷ ಹಳ್ಳಿಗಳಲ್ಲಿ ಮತ ಕಳೆದುಕೊಂಡಿತು. 2009ರಿಂದ 2012ರವರೆಗೆ ಫಿಷರ್ ಅವರು ವ್ಯಾಟಿಕನ್ನಿನಲ್ಲಿ ತಮ್ಮ ದೇಶದ ರಾಯಭಾರಿಯಾಗಿದ್ದರು, 2019ರಲ್ಲಿ ದೈವಾಧೀನರಾದರು. ಕಾನೂನು ಬರುವ ಮುಂಚಿನ 18 ವರ್ಷಗಳಲ್ಲಿ ಆ ದೇಶದಲ್ಲಿ 13 ಸಾಮೂಹಿಕ ಗುಂಡಿನ ಹತ್ಯೆಗಳು ನಡೆದಿದ್ದವು. ಬಂದ ಮೇಲೆ ಎರಡು ದಶಕ ಕಾಲ ಅಂಥದ್ದು ನಡೆಯಲಿಲ್ಲ.

ಆದರೆ 2025ರ ಡಿಸೆಂಬರ್ 14ರಂದು, ಸಿಡ್ನಿಯ ಬೊಂಡೈ ಕಡಲ ತೀರದಲ್ಲಿ ಹನುಕ್ಕಾ ಹಬ್ಬ ಆಚರಿಸುತ್ತಿದ್ದ ಯೆಹೂದ್ಯರ ಮೇಲೆ ಇಬ್ಬರು ಗುಂಡು ಹಾರಿಸಿದರು. ಅವರು ತಂದೆ ಮಗ. ಹದಿನೈದು ಮಂದಿ ಸತ್ತರು. ಅವರಲ್ಲಿ ಹತ್ತು ವರ್ಷದ ಹುಡುಗಿಯೂ ಇದ್ದಳು. ತಂದೆಗೆ ಬಂದೂಕಿನ ಪರವಾನಗಿ ಇತ್ತು. ಅಂದೂ ಒಬ್ಬನು ನಡುವೆ ಬಂದನು. ಅಹ್ಮದ್ ಅಲ್ ಅಹ್ಮದ್ ಎಂಬ ಹಣ್ಣಿನ ಅಂಗಡಿಯವನು ಬರಿಗೈಯಲ್ಲಿ ನುಗ್ಗಿ ಒಬ್ಬನ ಬಂದೂಕನ್ನು ಕಸಿದುಕೊಂಡನು, ತಾನು ಗಾಯಗೊಂಡನು. ಅವನು ಮುಸಲ್ಮಾನ, ಅಪಾಯದಲ್ಲಿದ್ದವರು ಯೆಹೂದ್ಯರು. ಕಚೇರಿಯಲ್ಲಿ ಕುಳಿತವರು ಹೇಳಬೇಕಿದ್ದ "ಬೇಡ"ವನ್ನು ಬೀದಿಯಲ್ಲಿ ಹೋಗುತ್ತಿದ್ದವನು ಪ್ರಾಣ ಒತ್ತೆಯಿಟ್ಟು ಹೇಳಬೇಕಾಯಿತು. ಆ ಬಳಿಕ ಆಸ್ಟ್ರೇಲಿಯಾ ತನ್ನ ಕಾನೂನನ್ನು ಮತ್ತೆ ಬಿಗಿಗೊಳಿಸಲು ಮುಂದಾಯಿತು.

ಅಮೆರಿಕದ ಕಥೆ ಬೇರೆ. 2012ರ ಡಿಸೆಂಬರ್ 14ರಂದು ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳೂ 6 ಮಂದಿ ದೊಡ್ಡವರೂ ಸತ್ತರು. ಬಂದೂಕುಗಳು ಕೊಲೆಗಾರನ ತಾಯಿಯವು, ಕಾನೂನಿನಂತೆಯೇ ಕೊಂಡವು. ಮೊದಲು ಸತ್ತವಳು ಆ ತಾಯಿಯೇ. ನಾಲ್ಕು ತಿಂಗಳ ನಂತರ, ಬಂದೂಕು ಕೊಳ್ಳುವವರ ಹಿನ್ನೆಲೆ ತನಿಖೆಯನ್ನು ಇನ್ನಷ್ಟು ವಿಸ್ತರಿಸುವ ಮಸೂದೆ ಅಲ್ಲಿನ ಸೆನೆಟ್ಟಿಗೆ ಬಂತು. 54 ಮಂದಿ ಬೇಕೆಂದರು, ಬೇಕಾಗಿದ್ದದ್ದು 60. ಮಸೂದೆ ಬಿದ್ದುಹೋಯಿತು. ಮಕ್ಕಳನ್ನು ಕಳೆದುಕೊಂಡವರು ಮೇಲೆ ಕುಳಿತು ಅದನ್ನು ನೋಡಿದರು. 2022ರ ಮೇ 24ರಂದು ಟೆಕ್ಸಾಸಿನ ಯುವಾಲ್ಡಿಯಲ್ಲಿ 19 ಮಕ್ಕಳು, ಇಬ್ಬರು ಶಿಕ್ಷಕಿಯರು ಹತರಾದರು. ಹದಿನೆಂಟು ತುಂಬಿ ಕೆಲವೇ ದಿನಗಳಾದ ಹುಡುಗನೊಬ್ಬನು ಅಂಗಡಿಯಲ್ಲಿ ದುಡ್ಡು ಕೊಟ್ಟು ರೈಫಲ್ ಕೊಂಡಿದ್ದನು. ಕಾನೂನಿನಲ್ಲಿ ಅದಕ್ಕೆ ತಡೆಯಿರಲಿಲ್ಲ. ಮುಂದಿನ ತಿಂಗಳು ಒಂದು ಕಾಯ್ದೆ ಬಂತು. 21 ವರ್ಷದೊಳಗಿನವರು ಬಂದೂಕು ಕೊಳ್ಳುವಾಗ ತನಿಖೆ ಹೆಚ್ಚಾಯಿತು. ಅಲ್ಲಿನ ಧರ್ಮಾಧ್ಯಕ್ಷರ ಮಂಡಳಿ ಬಹು ಹಿಂದಿನಿಂದಲೂ ಇದಕ್ಕಿಂತ ಹೆಚ್ಚಿನದನ್ನೇ ಕೇಳುತ್ತ ಬಂದಿದೆ.

2025ರ ಆಗಸ್ಟ್ 27. ಅಂದು ಸಂತ ಮೋನಿಕಮ್ಮನವರ ಸ್ಮರಣೆ. ಮಗನಿಗಾಗಿ ವರ್ಷಗಟ್ಟಲೆ ಅತ್ತ ತಾಯಿ. ಮಿನಿಯಾಪೊಲಿಸ್ ನಗರದಲ್ಲಿ ಮಂಗಳವಾರ್ತೆಯ ಹೆಸರು ಹೊತ್ತ ದೇವಾಲಯದಲ್ಲಿ ಶಾಲಾ ಮಕ್ಕಳು ವರ್ಷದ ಆರಂಭದ ಬಲಿಪೂಜೆಗೆ ಸೇರಿದ್ದರು, ನಿಮ್ಮ ಹಾಗೆ ಬೆಂಚುಗಳಲ್ಲಿ ಕುಳಿತಿದ್ದರು. ಕಿಟಕಿಯ ಗಾಜು ಒಡೆದು ಗುಂಡುಗಳು ಒಳಬಂದವು. ದೊಡ್ಡ ತರಗತಿಯ ಮಕ್ಕಳು ಚಿಕ್ಕವರನ್ನು ಬೆಂಚಿನ ಕೆಳಗೆ ತಳ್ಳಿ ಮೈಯೊಡ್ಡಿ ಕಾಪಾಡಿದರು. ಎಂಟು ಮತ್ತು ಹತ್ತು ವರ್ಷದ ಇಬ್ಬರು ಮಕ್ಕಳು ತೀರಿಕೊಂಡರು, ಹಲವರು ಗಾಯಗೊಂಡರು. ಬರೀ ಪ್ರಾರ್ಥನೆಯ ಮಾತಾಡಬೇಡಿ, ಆ ಮಕ್ಕಳು ಪ್ರಾರ್ಥನೆಯಲ್ಲೇ ಇದ್ದರಲ್ಲ ಎಂದು ಆ ನಗರದ ಮೇಯರ್ ನೊಂದು ನುಡಿದರು. ಕೆಲವು ವಿಶ್ವಾಸಿಗಳಿಗೆ ಆ ಮಾತು ಹಿಡಿಸಲಿಲ್ಲ. ನಮಗಂತೂ ಅದರಲ್ಲಿ ದೇವದೂಷಣೆ ಕಾಣಲಿಲ್ಲ. ಅದೇ ಶಾಲೆಯ ಪ್ರಾಂಶುಪಾಲರು, ಪ್ರಾರ್ಥಿಸುವಾಗ ಕಾಲನ್ನೂ ಎತ್ತಿಡಬೇಕು ಎಂಬ ಅರ್ಥದ ಆಫ್ರಿಕದ ಗಾದೆಯೊಂದನ್ನು ಅಂದು ನೆನಪಿಸಿದರು. ಆ ದೇಶದಲ್ಲೇ ಹುಟ್ಟಿದ ಪೋಪ್ ಜಗದ್ಗುರು 14ನೇ ಲಿಯೋ ಅವರು ಆ ವಾರದ ಭಾನುವಾರ, ಚಿಕ್ಕ ದೊಡ್ಡ ಆಯುಧಗಳ ಈ ಸಾಂಕ್ರಾಮಿಕ ರೋಗ ನಿಲ್ಲಲೆಂದು ಬೇಡಿಕೊಂಡರು. ಸಂತ ಜೋಸೆಫರಿಗೂ ದೂತನು ಕನಸಿನಲ್ಲಿ ಹೇಳಿದನು. ಅವರು ಬೆಳಗಾಗಲೆಂದು ಕಾಯಲಿಲ್ಲ. ರಾತ್ರಿಯೇ ಎದ್ದು ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಹೊರಟರು. ಅವರ ಪ್ರಾರ್ಥನೆ ಕಾಲಿಗಿಳಿಯಿತು.

"ಬಂದೂಕು ತಾನಾಗಿ ಕೊಲ್ಲುತ್ತದೆಯೇ ಸ್ವಾಮಿ? ಹೃದಯ ಬದಲಾಗಬೇಕು" ಎನ್ನುವವರಿದ್ದಾರೆ. ಹೌದು, ಬದಲಾಗಬೇಕು, ಅದಕ್ಕಾಗಿಯೇ ಈ ಪೀಠ, ಈ ಪಾಪನಿವೇದನೆಯ ಸ್ಥಾನ ಇರುವುದು. ಆದರೆ ಹೆರೋದನ ಹೃದಯ ಬದಲಾಗುವವರೆಗೆ ಮಗುವನ್ನು ಬೆತ್ಲೆಹೇಮಿನಲ್ಲೇ ಇರಿಸೋಣವೆಂದು ಜೋಸೆಫರು ಎಣಿಸಲಿಲ್ಲ. ಆಯುಧಗಳ ತಯಾರಿ, ಮಾರಾಟ ಎಲ್ಲರ ಹಿತಕ್ಕೆ ಸಂಬಂಧಿಸಿದ್ದು, ಅದನ್ನು ಹತೋಟಿಯಲ್ಲಿಡುವುದು ಸರ್ಕಾರದ ಹಕ್ಕೂ ಹೌದು ಕರ್ತವ್ಯವೂ ಹೌದು ಎಂದು ನಮ್ಮ ಧರ್ಮೋಪದೇಶ ಗ್ರಂಥವೇ 2316ನೆಯ ಕಂಡಿಕೆಯಲ್ಲಿ ಕಲಿಸುತ್ತದೆ. ಗುರುಗಳು ರಾಜಕೀಯ ಮಾತಾಡುತ್ತಾರೆಂದು ಯಾರಾದರೂ ಅಂದುಕೊಂಡಿದ್ದರೆ ದಯವಿಟ್ಟು ಅದನ್ನು ತೆರೆದುನೋಡಿ. ಇನ್ನೊಂದು ಮಾತು: ಇಂಥ ಸುದ್ದಿ ಬಂದೊಡನೆ "ಹುಚ್ಚ ಮಾಡಿದ್ದು" ಎಂದುಬಿಡುತ್ತೇವೆ. ನಮ್ಮ ಧರ್ಮಕೇಂದ್ರದಲ್ಲೂ ಮನೋರೋಗದಿಂದ ನರಳುವವರಿದ್ದಾರೆ. ಅವರಲ್ಲಿ ಬಹುಪಾಲು ಮಂದಿ ಯಾರಿಗೂ ಕೆಡುಕು ಮಾಡುವವರಲ್ಲ. ಅವರ ಮನೆಯವರ ಮುಂದೆ ಈ ಮಾತು ಆಡಬೇಡಿ.

ಇದೆಲ್ಲ ದೂರದ ದೇಶಗಳದ್ದಲ್ಲವೇ, ನಮಗೇಕೆ ಎಂದರೆ, ನಮ್ಮ ಎಷ್ಟು ಮನೆಗಳ ಮೊಮ್ಮಕ್ಕಳು ಇಂದು ಅಮೆರಿಕದ ಶಾಲೆಗಳಲ್ಲಿದ್ದಾರೆ! ನಾವು ಶಾಲೆಯಲ್ಲಿ ಡ್ರಿಲ್ ಎಂದರೆ ಕೈಕಾಲು ಆಡಿಸುವುದೆಂದು ತಿಳಿದವರು. ಅಲ್ಲಿನ ಮಕ್ಕಳಿಗೆ ದೀಪ ಆರಿಸಿ, ಬಾಗಿಲು ಹಾಕಿ, ಮೂಲೆಯಲ್ಲಿ ಉಸಿರು ಬಿಗಿಹಿಡಿದು ಕುಳಿತುಕೊಳ್ಳುವುದನ್ನು ಕಲಿಸುತ್ತಾರೆ. ರಾತ್ರಿ ಫೋನಿನಲ್ಲಿ ಮೊಮ್ಮಗು ಅದನ್ನು ಆಟದಂತೆ ಹೇಳುವಾಗ ಈ ಕಡೆ ಅಜ್ಜಿಯ ಕರುಳು ಏನೆನ್ನುತ್ತದೆ? ಅಲ್ಲಿರುವ ಮಗ ಸೊಸೆಯರಿಗೆ ಒಂದು ಮಾತು ಹೇಳಿ. ಮಗು ಗೆಳೆಯನ ಮನೆಗೆ ಆಡಲು ಹೋಗುವ ಮುಂಚೆ, ಆ ಮನೆಯಲ್ಲಿ ಬಂದೂಕು ಇದೆಯೇ, ಬೀಗ ಹಾಕಿದೆಯೇ ಎಂದು ಕೇಳಲು ನಾಚಿಕೆಪಡಬೇಡಿ ಎಂದು.

ನಮ್ಮ ನಾಡಿನಲ್ಲಿಯೂ ಕೋವಿ ಹೊಸದಲ್ಲ. ನಮ್ಮ ಧರ್ಮಕ್ಷೇತ್ರಕ್ಕೇ ಸೇರಿದ ಕೊಡಗಿನಲ್ಲಿ ಕೈಲ್ ಮುಹೂರ್ತದಂದು ಕೋವಿಗೆ ತೋಕ್ ಪೂವಿಟ್ಟು ಗೌರವಿಸುತ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಹೈಕೋರ್ಟು 2021ರಲ್ಲಿ ಎತ್ತಿಹಿಡಿಯಿತು. ಉಳಿದವರಿಗೆ 1959ರ ಕಾಯ್ದೆಯಂತೆ ಪರವಾನಗಿ ಬೇಕು. 2019ರ ತಿದ್ದುಪಡಿಯ ಬಳಿಕ ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಇಲ್ಲ, ಮದುವೆ ಹಬ್ಬಗಳಲ್ಲಿ ಜನರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ ಜೈಲು. ತೋಟಕ್ಕೆ ಹಂದಿ ನುಗ್ಗುವಾಗ ಚುನಾವಣೆಗೆಂದು ಕೋವಿಯನ್ನು ಠಾಣೆಯಲ್ಲಿ ಇಟ್ಟುಬರಬೇಕಲ್ಲ ಎಂದು ಬೆಳೆಗಾರರು ಗೊಣಗುತ್ತಾರೆ. ಗೊಣಗಲಿ, ಆದರೆ ಇಟ್ಟುಬರಲಿ. ತೋಟೆ ತುಂಬಿದ ಕೋವಿಯನ್ನು ಬಾಗಿಲ ಹಿಂದೆ ನಿಲ್ಲಿಸುವ ರೂಢಿ ನಮ್ಮ ಮನೆಗಳಲ್ಲಿದ್ದರೆ ಇವತ್ತೇ ಬಿಡಿ. ಕೋವಿ ಒಂದು ಕಡೆ, ತೋಟೆ ಇನ್ನೊಂದು ಕಡೆ, ಎರಡಕ್ಕೂ ಬೀಗ. ಜಾಗದ ಜಗಳ ನಡೆಯುತ್ತಿರುವ ಮನೆ, ಕುಡಿತ ಹೆಚ್ಚಿರುವ ಮನೆ, ಸಾಯುತ್ತೇನೆಂದು ಯಾರಾದರೂ ಹೇಳಿರುವ ಮನೆ: ಅಂಥಲ್ಲಿ ಹೆಂಡತಿಯೋ ಅಣ್ಣನೋ ಪಕ್ಕದ ಮನೆಯವರೋ ಧೈರ್ಯವಾಗಿ ಮುಂದೆ ಬಂದು, ಕೋವಿಯನ್ನು ಕೆಲವು ಕಾಲ ಠಾಣೆಗೆ ಒಪ್ಪಿಸುವಂತೆ ಮಾಡಬೇಕು. ಹೇಳಲು ಹೆದರಿಕೆಯಾದರೆ ನಮ್ಮ ಬಳಿಗೆ ಬನ್ನಿ. ಜೊತೆಗೆ ನಾವೂ ಬರುತ್ತೇವೆ.

ಈಗ ವಿಶ್ವಾಸಿಗಳ ಪ್ರಾರ್ಥನೆಗೆ ಎದ್ದು ನಿಲ್ಲೋಣ. ಡನ್‌ಬ್ಲೇನ್, ಸ್ಯಾಂಡಿ ಹುಕ್, ಯುವಾಲ್ಡಿ, ಮಿನಿಯಾಪೊಲಿಸಿನ ಮಕ್ಕಳನ್ನೂ ಬೊಂಡೈಯ ಆ ಹುಡುಗಿಯನ್ನೂ ಒಂದೊಂದು ಊರಿನ ಹೆಸರು ಹೇಳಿ ನೆನೆಯುತ್ತೇವೆ. ಪೂಜೆಯ ಕೊನೆಯಲ್ಲಿ, ಪ್ರತಿ ವರ್ಷದಂತೆ, ಮಕ್ಕಳಿಗೆ ಆಶೀರ್ವಾದ ಇದೆ. ಕಂಕುಳ ಕೂಸುಗಳನ್ನು ಎತ್ತಿಕೊಂಡು, ನಡೆಯುವವರನ್ನು ಕೈಹಿಡಿದು, ಗೋದಲಿಯ ಮುಂದೆ ಬನ್ನಿ. ನಿದ್ದೆ ಹೋಗಿರುವವರನ್ನು ಎಬ್ಬಿಸಬೇಡಿ, ಹಾಗೆಯೇ ಹೆಗಲ ಮೇಲೆ ಹಾಕಿಕೊಂಡು ಬನ್ನಿ.